2 ಆಂಪ್ ಅಡಾಪ್ಟರ್ ಹಾಕಿದ್ರೆ ಪೂರ್ತಿ 2 ಆಂಪೂ ಹರಿಯುತ್ತಾ?

ಹೊಸಬ_01:
ನಮಸ್ಕಾರ, ಎಲೆಕ್ಟ್ರಾನಿಕ್ಸ್ ಈಗಷ್ಟೇ ಶುರು ಮಾಡಿದೀನಿ, ತೀರಾ ಬೇಸಿಕ್ ಡೌಟು, ನಗಬೇಡಿ. 5 ವೋಲ್ಟ್ 1 ಆಂಪ್ ಅಂತ ಬರೆದಿರೋ ಸ್ಪೀಕರ್‌ಗೆ 5 ವೋಲ್ಟ್ 2 ಆಂಪ್ ಅಡಾಪ್ಟರ್ ಹಾಕಿದ್ರೆ ಏನೂ ಆಗಲ್ಲ, ಅದು ಬೇಕಾದಷ್ಟೇ ಕರೆಂಟ್ ಎಳ್ಕೊಳ್ಳುತ್ತೆ ಅಂತಾರೆ. ಒಪ್ಪಿದೆ. ಆದ್ರೆ ಅದೇ ಅಡಾಪ್ಟರ್‌ಗೆ ಕೆಂಪು ಎಲ್‌ಇಡಿ ನೇರ ಕೊಟ್ರೆ ಸುಟ್ಟೋಗುತ್ತೆ, ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡೋ ಪಾರ್ಟ್) ಹಾಕ್ಲೇಬೇಕು ಅಂತಾನೂ ಅವರೇ ಹೇಳ್ತಾರೆ. ಎಲ್‌ಇಡಿಗೆ ಬೇಕಿರೋದು 20 ಮಿಲಿಆಂಪ್ ತಾನೇ, ಅಷ್ಟು ಎಳ್ಕೊಂಡು ಸುಮ್ನಿರಬಾರ್ದಾ? ಮತ್ತೆ ರೆಸಿಸ್ಟರ್ ಎಲ್‌ಇಡಿಗಿಂತ ಮುಂಚೆ ಬರ್ಬೇಕಾ, ಆಮೇಲಾ?

ತಂತಿಜಾಲ:
ಅಡಾಪ್ಟರ್ ಮೇಲಿರೋ 2 ಆಂಪ್ ಅಂದ್ರೆ ಅಷ್ಟರವರೆಗೆ ಕೊಡೋಕೆ ತಾಕತ್ತಿದೆ ಅಂತ ಅಷ್ಟೇ, ತುರುಕುತ್ತೆ ಅಂತಲ್ಲ. ವೋಲ್ಟೇಜ್ ಮಾತ್ರ ಮ್ಯಾಚ್ ಆಗ್ಲೇಬೇಕು, ಪ್ಲಸ್ ಮೈನಸ್ ಕೂಡ ನೋಡ್ಕೊಳ್ಳಿ.

ಓಮ್_ಶಾಂತಿ:
"ಬೇಕಾದಷ್ಟೇ ಎಳ್ಕೊಳ್ಳುತ್ತೆ" ಅನ್ನೋ ಮಾತೇ ನಿಮ್ಮನ್ನ ದಾರಿ ತಪ್ಪಿಸಿರೋದು. ಯಾವ ಪಾರ್ಟ್‌ಗೂ ತನಗೆಷ್ಟು ಬೇಕು ಅಂತ ಗೊತ್ತಿರಲ್ಲ ಸರ್, ಕೊಟ್ಟ ವೋಲ್ಟೇಜಿಗೆ ಎಷ್ಟು ಹರಿಯುತ್ತೋ ಅಷ್ಟು ಹರಿಯುತ್ತೆ. ಸ್ಪೀಕರ್ ಒಳಗಿರೋ ಸರ್ಕ್ಯೂಟನ್ನ 5 ವೋಲ್ಟಿಗೆ 1 ಆಂಪ್ ಮೀರದ ಹಾಗೆ ಯಾರೋ ಡಿಸೈನ್ ಮಾಡಿದಾರೆ. ಬರೀ ಎಲ್‌ಇಡಿಗೆ ಆ ಭಾಗ್ಯ ಇಲ್ಲ. ಕೆಂಪು ಎಲ್‌ಇಡಿ ಸುಮಾರು 1.6 ವೋಲ್ಟ್‌ವರೆಗೆ ಹೆಚ್ಚುಕಮ್ಮಿ ಸುಮ್ನೆ ಕೂತಿರುತ್ತೆ, 2 ವೋಲ್ಟ್ ಹತ್ರ ಚೆನ್ನಾಗಿ ಉರಿಯುತ್ತೆ, ಅಲ್ಲಿಂದ ಮೇಲಕ್ಕೆ ಚೂರು ವೋಲ್ಟೇಜ್ ಏರಿದ್ರೂ ಕರೆಂಟ್ ಎಗರಿಬಿಡುತ್ತೆ, ಅದ್ರಿಂದ ಬಿಸಿ ಆಗುತ್ತೆ, ಬಿಸಿ ಆದಷ್ಟೂ ಅದೇ ವೋಲ್ಟೇಜಿಗೆ ಇನ್ನೂ ಜಾಸ್ತಿ ಹರಿಯುತ್ತೆ, ಹೀಗೇ ಹೋಗಿ ಸಾಯುತ್ತೆ. 20 ಮಿಲಿಆಂಪ್ ಅನ್ನೋದು ಅದರ ಹಸಿವಲ್ಲ, ಅದು ತಡ್ಕೊಳ್ಳೋ ಮಿತಿ.

ಲೆಕ್ಕ ಸುಲಭ. 5 ವೋಲ್ಟಲ್ಲಿ 2 ವೋಲ್ಟ್ ಎಲ್‌ಇಡಿಗೆ, ಉಳಿದ 3 ವೋಲ್ಟ್ ರೆಸಿಸ್ಟರ್ ಮೇಲೆ. 220 ಓಮ್ ರೆಸಿಸ್ಟರ್ ಹಾಕಿ (ಅದರ ಮೇಲೆ ಕೆಂಪು-ಕೆಂಪು-ಕಂದು ಬಣ್ಣದ ಪಟ್ಟಿ ಇರುತ್ತೆ), 3 ಭಾಗಿಸು 220, ಸುಮಾರು 14 ಮಿಲಿಆಂಪ್, ಧಾರಾಳ ಬೆಳಕು. ಕಾಲು ವ್ಯಾಟ್ ರೆಸಿಸ್ಟರ್ ಸಾಕೋ ಸಾಕು.

ಮುಂಚೆನೋ ಆಮೇಲೋ, ಎಲ್ಲಾದ್ರೂ ಹಾಕಿ. ಸೀರೀಸ್‌ನಲ್ಲಿ, ಅಂದ್ರೆ ಒಂದರ ಹಿಂದೆ ಒಂದು ಜೋಡಿಸಿದಾಗ, ಎಲ್ಲಾ ಕಡೆ ಒಂದೇ ಕರೆಂಟ್. ಎಲ್‌ಇಡಿಯ ಉದ್ದ ಕಾಲು ಪ್ಲಸ್ ಕಡೆಗೆ, ಅದು ಮುಖ್ಯ.

ಹೊಸಬ_01:
ಓಹ್ ಈಗ ತಲೆಗೆ ಹೋಯ್ತು. ಹಾಗಾದ್ರೆ 3 ವೋಲ್ಟ್ ಬಟನ್ ಸೆಲ್ ಮೇಲೆ ರೆಸಿಸ್ಟರ್ ಇಲ್ದೇ ಎಲ್‌ಇಡಿ ಉರಿಸ್ತಾರಲ್ಲ, ಅದು ಹೇಗೆ ಬದುಕುತ್ತೆ?

ಓಮ್_ಶಾಂತಿ:
ರೆಸಿಸ್ಟರ್ ಸೆಲ್ಲಿನ ಒಳಗೇ ಇದೆ ಅನ್ಕೊಳ್ಳಿ. ಬಟನ್ ಸೆಲ್‌ಗೆ ಒಳಗಿನ ರೆಸಿಸ್ಟೆನ್ಸೇ ಸಾಕಷ್ಟಿರುತ್ತೆ, ಜಾಸ್ತಿ ಎಳೆದ ತಕ್ಷಣ ಅದರ ವೋಲ್ಟೇಜೇ ಕುಸಿಯುತ್ತೆ. ಅಡಾಪ್ಟರ್ ಹಾಗಲ್ಲ, 5ಕ್ಕೆ ಪಟ್ಟುಹಿಡಿದು ನಿಂತಿರುತ್ತೆ.

ತಂತಿಜಾಲ:
ಮಲ್ಟಿಮೀಟರ್ ಇದ್ರೆ ಡಿಸಿ ವೋಲ್ಟ್‌ಗೆ ತಿರುಗಿಸಿ ಮೊದ್ಲು ಎಲ್‌ಇಡಿ ಎರಡು ಕಾಲಿಗೆ ಇಡಿ, ಆಮೇಲೆ ರೆಸಿಸ್ಟರ್‌ಗೆ, ಎರಡನ್ನೂ ಕೂಡಿಸಿದ್ರೆ ಅಡಾಪ್ಟರ್ ವೋಲ್ಟೇಜ್ ಬರ್ಬೇಕು. ಆದ್ರೆ ಆಂಪ್ ಮೋಡ್‌ನಲ್ಲಿಟ್ಟು ಅಡಾಪ್ಟರ್ ಎರಡು ತುದಿಗೆ ಮುಟ್ಟಿಸ್ಬೇಡಿ ಮಾರಾಯ್ರೇ, ಅದು ನೇರ ಶಾರ್ಟ್, ಮೀಟರ್ ಫ್ಯೂಸ್ ಹೋಗಬಹುದು.