ಹಳೇ ಬೀಜ ಹಂಚಿ ಮುಖ ಕೆಡಿಸಿಕೊಂಡೆ. ಹುಟ್ಟುತ್ತೋ ಇಲ್ವೋ ಮೊದಲೇ ನೋಡೋದು ಹೇಗೆ?

ಕೋಲಾರ_ತಾರಸಿ

ನಮಸ್ಕಾರ. ಕೋಲಾರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ತಾರಸಿ ಮೇಲೆ ನಲವತ್ತು ಕುಂಡ, ಬಂಗಾರಪೇಟೆ ಕಡೆ ಮಾವನವರ ಹಿತ್ತಲಲ್ಲಿ ಎರಡು ಗುಂಟೆ ತರಕಾರಿ. ಬೀಜವನ್ನು ಕವರಿಗೆ ಹಾಕಿ, ಹೆಸರು ಪ್ರಿಂಟ್ ಹೊಡೆದು ಅಂಟಿಸಿ, ಕೇಳಿದವರಿಗೆ ಕೊಡುವುದು ನನ್ನ ಚಟ. ಬದಲಿಗೆ ಅವರ ಹತ್ತಿರ ಇರುವ ಬೀಜ ಇಸ್ಕೊಳ್ಳುತ್ತೇನೆ.

ಹೋದ ದಸರಾದಲ್ಲಿ ಹೀಗೇ ಹನ್ನೊಂದು ಜನಕ್ಕೆ ಕೊಟ್ಟೆ. ಬೆಂಡೆ, ಗುಂಡು ಬದನೆ, ಮೆಣಸಿನಕಾಯಿ, ಸೋರೆ, ಈರುಳ್ಳಿ. ದೀಪಾವಳಿ ಕಳೆಯುವ ಹೊತ್ತಿಗೆ ಫೋನ್ ಶುರುವಾಯಿತು. "ಅಣ್ಣಾ, ಈರುಳ್ಳಿ ಒಂದೂ ಹುಟ್ಟಲಿಲ್ಲ." ಒಬ್ಬರು ಮೇಡಂ ಅಂಗಡಿಗೇ ಬಂದರು. ಎಂಟು ಪುಟ ಜೆರಾಕ್ಸ್ ಮಾಡಿಸಿಕೊಂಡು, ದುಡ್ಡು ಕೊಡುವಾಗ ಮೆಲ್ಲಗೆ "ನಿಮ್ಮ ಬದನೆ ಪಾತಿಯಲ್ಲಿ ಬರೀ ಗರಿಕೆ ಬಂದಿದೆ" ಅಂದರು. ಆ ಮಾತಿಗೆ ನಾನು ಚಿಲ್ಲರೆಯನ್ನು ಎರಡು ಸಲ ತಪ್ಪು ಎಣಿಸಿದೆ.

ಸುಮ್ನೆ ಏನೂ ಕೊಟ್ಟಿರಲಿಲ್ಲ. ಲೋಟದ ನೀರಿಗೆ ಹಾಕಿ, ತೇಲಿದ್ದನ್ನು ಎಸೆದು, ಮುಳುಗಿದ್ದನ್ನು ಒಣಗಿಸಿ ಕಟ್ಟಿದ್ದೆ. ಕವರ್ ಮೇಲೆ ದಿನಾಂಕವೂ ಇತ್ತು. ಆದರೆ ಅದು ಕವರ್ ಕಟ್ಟಿದ ದಿನ. ಬೀಜ ಯಾವ ವರ್ಷದ್ದು ಅನ್ನೋದು ನನಗೇ ನೆನಪಿಲ್ಲ. ಡಬ್ಬಿಗಳೆಲ್ಲ ಇರುವುದು ಮೆಟ್ಟಿಲ ಹತ್ತಿರದ ಗೂಡಿನಲ್ಲಿ, ತಗಡಿನ ಶೀಟಿನ ಕೆಳಗೆ.

ಇನ್ನೊಂದು ದೂರು ಅವರೆಯದು. ಮಾರ್ಚ್‌ನಲ್ಲಿ ಒಬ್ಬರಿಗೆ ಕೊಟ್ಟಿದ್ದೆ. ಬಳ್ಳಿ ಕಾಂಪೌಂಡ್ ಹತ್ತಿ ಪಕ್ಕದ ಮನೆಗೂ ಹೋಯಿತಂತೆ, ಆಗಸ್ಟ್ ಆದರೂ ಒಂದು ಹೂ ಇಲ್ಲ. ಇದಕ್ಕೂ ನಾನೇ ಹೊಣೆನಾ?

ಈಗ ಹದಿನಾಲ್ಕು ಡಬ್ಬಿ ಉಳಿದಿವೆ. ಶಿವರಾತ್ರಿ ಆದಮೇಲೆ ಮತ್ತೆ ಹಂಚಬೇಕು. ಮನೆಯಲ್ಲೇ ಪರೀಕ್ಷೆ ಮಾಡುವುದು ಹೇಗೆ? ಎಷ್ಟು ಹುಟ್ಟಿದರೆ ಕೊಡಬಹುದು?

ಚಿಂತಾಮಣಿ_ಬೀಜದಂಗಡಿ

ತಾರಸಿಯವರೇ, ಇಪ್ಪತ್ತೆರಡು ವರ್ಷ ಬೀಜದಂಗಡಿ ಗಲ್ಲಾದಲ್ಲಿ ಕೂತವನು ನಾನು. "ಹುಟ್ಟಲಿಲ್ಲ" ಅನ್ನೋ ಮಾತನ್ನು ನಿಮಗಿಂತ ಜಾಸ್ತಿ ಕೇಳಿದ್ದೇನೆ.

ಮೊದಲು ಆ ಲೋಟದ ಪರೀಕ್ಷೆ ಬಿಡಿ. ಜೊಳ್ಳು ತೇಲುತ್ತದೆ, ಅಷ್ಟು ನಿಜ. ಆದರೆ ಸತ್ತ ಬೀಜವೂ ಮುಳುಗುತ್ತದೆ. ಒಣಗಿದ ಗಟ್ಟಿ ಬೀಜ ಕೆಲವು ಸಲ ತೇಲುತ್ತದೆ. ಮೇಲಾಗಿ ನೀವು ನೆನೆಸಿ, ಒಣಗಿಸಿ, ಕವರಿಗೆ ಹಾಕಿದಿರಿ. ಒಳಗೆ ಸ್ವಲ್ಪ ತೇವ ಉಳಿದರೂ ಬೀಜ ಕೆಡುತ್ತದೆ.

ಸರಿಯಾದ ದಾರಿ ಇದು. ಡಬ್ಬಿಗೆ ಇಪ್ಪತ್ತು ಬೀಜ ಎಣಿಸಿ ತೆಗೆಯಿರಿ. ದಪ್ಪದ್ದು ಚೆನ್ನಾಗಿದೆ ಅಂತ ಆರಿಸಬೇಡಿ, ಕಣ್ಣುಮುಚ್ಚಿ ತೆಗೆಯಿರಿ. ಹಳೇ ಬಿಳಿ ಪಂಚೆ ತುಂಡನ್ನು ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿ. ಬಟ್ಟೆ ತೇವವಾಗಿರಬೇಕು, ನೀರು ಸೋರಬಾರದು. ಬೀಜ ಬೀಜಕ್ಕೆ ತಾಗದ ಹಾಗೆ ಹರಡಿ ಸುರುಳಿ ಸುತ್ತಿ. ಹೆಸರು, ತಾರೀಕನ್ನು ಪೆನ್ಸಿಲ್‌ನಲ್ಲಿ ಚೀಟಿ ಬರೆದು ಒಳಗಿಡಿ, ಪೆನ್ ಇಂಕು ಕರಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಸಡಿಲ ಬಿಡಿ. ದಿನಕ್ಕೊಮ್ಮೆ ಬಿಚ್ಚಿ ನೋಡಿ. ಬೂಸ್ಟು ಬಂದ ಬೀಜ ಎತ್ತಿ ಎಸೆದು ಲೆಕ್ಕದಲ್ಲಿ ಸತ್ತದ್ದು ಅಂತ ಬರೆಯಿರಿ.

ಅಲಸಂದೆ, ಮೂಲಂಗಿ ನಾಲ್ಕೈದು ದಿನದಲ್ಲಿ ಗೊತ್ತಾಗುತ್ತದೆ. ಸೋರೆ, ಹೀರೆಗೆ ಒಂದು ವಾರ. ಬದನೆ, ಮೆಣಸಿನಕಾಯಿಗೆ ಹದಿನಾಲ್ಕು ದಿನ ತನಕ ಕಾಯಿರಿ. ಈಗ ಮಾಗಿ ಚಳಿ ಬೇರೆ. ನಮ್ಮ ಕಡೆ ರಾತ್ರಿ ಮೆಣಸಿನಕಾಯಿ ಬೀಜ ಅಲ್ಲಾಡುವುದೇ ಇಲ್ಲ. ಒಲೆ ಪಕ್ಕದ ಕಟ್ಟೆ ಮೇಲಿಡಿ, ಇಲ್ಲದಿದ್ದರೆ ಬದುಕಿರುವ ಬೀಜವನ್ನೇ ಸತ್ತಿದೆ ಅಂತ ಬರೆದುಬಿಡುತ್ತೀರಿ.

ಎಷ್ಟು ಹುಟ್ಟಬೇಕು ಅಂದರೆ, ಸರ್ಕಾರದ ಪ್ರಮಾಣಿತ ಬೀಜಕ್ಕೆ ಬದನೆ, ಟೊಮೆಟೊ, ಈರುಳ್ಳಿಯಲ್ಲಿ ಕನಿಷ್ಠ ಶೇಕಡಾ 70, ಬೆಂಡೆಗೆ 65, ಮೆಣಸಿನಕಾಯಿ ಮತ್ತು ಸೋರೆ ಜಾತಿಗೆ 60. ಮನೆ ಹಂಚಿಕೆಗೆ ಇಷ್ಟು ಕಟ್ಟುನಿಟ್ಟು ಬೇಡ. ಇಪ್ಪತ್ತಕ್ಕೆ ಹತ್ತು ಬಂದರೂ ಕೊಡಿ, ಆದರೆ ಕವರಿಗೆ ಎರಡರಷ್ಟು ಬೀಜ ಹಾಕಿ, ಲೆಕ್ಕ ಬರೆದು ಕೊಡಿ. ಐದಕ್ಕಿಂತ ಕಡಿಮೆ ಬಂದರೆ ಯಾರಿಗೂ ಕೊಡಬೇಡಿ. ನೀವೇ ಎಲ್ಲ ಬಿತ್ತಿ, ಹುಟ್ಟಿದ ನಾಲ್ಕು ಗಿಡದಿಂದ ಹೊಸ ಬೀಜ ಮಾಡಿಕೊಳ್ಳಿ. ಇರುವುದೇ ಎಂಟು ಬೀಜ ಅಂದರೆ ಪರೀಕ್ಷೆನೂ ಬೇಡ, ನೇರ ಕುಂಡಕ್ಕೆ.

ಈರುಳ್ಳಿ ನಿಮ್ಮ ತಪ್ಪಲ್ಲ, ಅದರ ಆಯಸ್ಸೇ ಅಷ್ಟು. ಒಂದು ವರ್ಷ, ಹೆಚ್ಚಂದರೆ ಎರಡು. ಸೋರೆ, ಬದನೆ, ಟೊಮೆಟೊ ನಾಲ್ಕೈದು ವರ್ಷ ತಡೆಯುತ್ತವೆ. ಬದನೆ ಬಗ್ಗೆ ಒಂದು ಅನುಮಾನ: ಆ ಬೀಜ ಹಳೇದಾ, ಆಗ ತಾನೇ ಹಣ್ಣಿಂದ ತೆಗೆದದ್ದಾ? ಹೊಸ ಬದನೆ ಬೀಜ ಒಂದೆರಡು ತಿಂಗಳು ಮಲಗಿರುತ್ತದೆ, ಹುಟ್ಟುವುದಿಲ್ಲ.

ಲೇಬಲ್ ಪ್ರಿಂಟ್ ಹೊಡೆಯುವವರಿಗೆ ಇನ್ನೊಂದು ಮಾತು. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಪ್ರಕಾರ ರೈತರು ಬೀಜ ಉಳಿಸಬಹುದು, ಬದಲಾಯಿಸಿಕೊಳ್ಳಬಹುದು, ಮಾರಲೂಬಹುದು. ಬ್ರಾಂಡ್ ಹಾಕಿ ಮಾರುವಂತಿಲ್ಲ ಅಷ್ಟೇ. ಚೀಟಿ ಚೆನ್ನಾಗಿ ಬಂತು ಅಂತ ಅಂಗಡಿ ಹೆಸರು ಹಾಕಿ ಮಾರಾಟಕ್ಕೆ ಇಳಿಯಬೇಡಿ.

ಗುಬ್ಬಿ_ಹಿತ್ತಲು

ಕೋಲಾರದ ಅಣ್ಣ, ಪರೀಕ್ಷೆ ಆಮೇಲೆ. ಮೊದಲು ಆ ತಗಡಿನ ಶೀಟಿನ ಕೆಳಗಿಂದ ಡಬ್ಬಿ ತೆಗೆಯಿರಿ. ಏಪ್ರಿಲ್‌ನಲ್ಲಿ ಅಲ್ಲಿ ಹಪ್ಪಳ ಸುಡಬಹುದು, ಬೀಜ ಉಳಿಯುತ್ತಾ?

ನಾನು ಮಾಡುವುದು ಇಷ್ಟು. ಒಂದು ಹಿಡಿ ಅಕ್ಕಿಯನ್ನು ಕೆಂಪಗಾಗುವ ತನಕ ಹುರಿದು, ಮುಚ್ಚಿದ ಬಾಟಲಿಯಲ್ಲಿ ಆರಲು ಬಿಡುತ್ತೇನೆ. ಮೇಲೆ ಬಟ್ಟೆ ಹಾಸಿ, ಅದರ ಮೇಲೆ ಬೀಜದ ಕಾಗದದ ಪೊಟ್ಟಣ. ಹುರಿದ ಅಕ್ಕಿ ತೇವ ಎಳೆದುಕೊಳ್ಳುತ್ತದೆ. ಎರಡು ವಾರಕ್ಕೆ ಅಕ್ಕಿ ಬದಲಾಯಿಸಿ, ಆಮೇಲೆ ಬಾಟಲಿ ಫ್ರಿಜ್ ಒಳಗೆ. ತೆಗೆದ ತಕ್ಷಣ ಮುಚ್ಚಳ ಬಿಚ್ಚಬೇಡಿ, ಗಾಜು ಬೆವರುತ್ತದೆ. ಬೆವರು ನಿಂತ ಮೇಲೆ ಬಿಚ್ಚಿ.

ತೊಗರಿ, ಅವರೆಗೆ ನಮ್ಮತ್ತೆ ಕೆಮ್ಮಣ್ಣು ಕಲಸಿ ಬಳಿದು ಒಣಗಿಸುತ್ತಿದ್ದರು, ಹುಳ ಬೀಳುತ್ತಿರಲಿಲ್ಲ. ಫ್ರಿಜ್ ಬಂದ ಮೇಲೆ ನಾನು ಸೋಮಾರಿಯಾಗಿದ್ದೇನೆ.

ಅವರೆ ದೂರನ್ನು ತಲೆಗೆ ಹಚ್ಕೋಬೇಡಿ. ನಾಟಿ ಅವರೆ ಹಗಲು ಚಿಕ್ಕದಾದಾಗಲೇ ಹೂ ಬಿಡುವುದು. ಮಾರ್ಚ್‌ನಲ್ಲಿ ಹಾಕಿದರೂ, ಆಷಾಢದಲ್ಲಿ ಹಾಕಿದರೂ ಸೊಗಡು ಬರುವುದು ಚಳಿಗೇ. ವರ್ಷಪೂರ್ತಿ ಕಾಯಿ ಬೇಕು ಅನ್ನುವವರು ಹೆಬ್ಬಾಳ ಅವರೆ 3 ಅಥವಾ ಹೆಬ್ಬಾಳ ಅವರೆ 4 ಅನ್ನೋ ತಳಿ ಹಾಕಲಿ. ಅದಕ್ಕೆ ಹಗಲು ರಾತ್ರಿಯ ಹಂಗಿಲ್ಲ. ಸೊಗಡು ಕೇಳಬೇಡಿ ಮಾತ್ರ.

ಮಾಲೂರು_ಪಾತಿ

ನನ್ನ ಅನುಭವ ಬೇರೆ, ಹುಟ್ಟಿತು, ಆದರೆ ಬೇರೆಯದೇ ಹುಟ್ಟಿತು. ಉದ್ದ ಸೋರೆ ಅಂತ ಇಸ್ಕೊಂಡ ಬೀಜದಲ್ಲಿ ತಂಬೂರಿ ಬುರುಡೆ ಥರ ಕಾಯಿ ಬಂತು. ಜೇನುಹುಳಕ್ಕೆ, ಪತಂಗಕ್ಕೆ ಕಾಂಪೌಂಡ್ ಲೆಕ್ಕ ಇಲ್ವಲ್ಲ. ಸೋರೆ ಹೂ ಅರಳುವುದು ಸಂಜೆ. ಮಧ್ಯಾಹ್ನವೇ ಒಂದು ಹೆಣ್ಣು ಹೂ, ಒಂದು ಗಂಡು ಹೂವಿನ ಬಾಯಿಗೆ ದಾರ ಕಟ್ಟಿ. ಕತ್ತಲಾದ ಮೇಲೆ ಬಿಚ್ಚಿ, ಗಂಡು ಹೂವನ್ನು ಕಿತ್ತು ಹೆಣ್ಣಿಗೆ ಸವರಿ, ಮತ್ತೆ ಕಟ್ಟಿ. ಆ ಕಾಯಿಗೆ ಬಣ್ಣದ ದಾರ ಹಾಕಿ, ಇಲ್ಲದಿದ್ದರೆ ಅಮ್ಮ ಸಾರಿಗೆ ಕೊಯ್ದುಬಿಡುತ್ತಾರೆ. ನಮ್ಮ ಮನೆಯಲ್ಲಿ ಎರಡು ಸಲ ಆಗಿದೆ.

ಹೈಬ್ರಿಡ್ ಬೀಜ ಎತ್ತಿಡಬೇಡಿ. ಅರ್ಕಾ ರಕ್ಷಕ್ ಟೊಮೆಟೊ ಹೈಬ್ರಿಡ್, ಅದರ ಬೀಜದಲ್ಲಿ ಅದೇ ಗಿಡ ಬರುವುದಿಲ್ಲ. ಅರ್ಕಾ ಅನಾಮಿಕ ಬೆಂಡೆ ಹೈಬ್ರಿಡ್ ಅಲ್ಲ, ಅದರ ಬೀಜ ಇಟ್ಟುಕೊಳ್ಳಬಹುದು.

ಕೋಲಾರ_ತಾರಸಿ

ಎಲ್ಲರಿಗೂ ಥ್ಯಾಂಕ್ಸ್. ಮೂರು ವಾರದಿಂದ ನಮ್ಮ ಅಡುಗೆ ಕಟ್ಟೆ ಮೇಲೆ ಹದಿನಾಲ್ಕು ಪಂಚೆ ಸುರುಳಿ. ಮನೆಯವರು "ಇದೇನು, ಬಾಣಂತಿ ಮನೆನಾ?" ಅಂದರು.

ಈರುಳ್ಳಿ ಇಪ್ಪತ್ತಕ್ಕೆ ಸೊನ್ನೆ. ಡಬ್ಬಿ ಪೂರ್ತಿ ಗೊಬ್ಬರದ ಗುಂಡಿಗೆ. ಬೆಂಡೆ 13. ಸೋರೆ ನನ್ನ ಹತ್ತಿರ ಇರುವುದರಲ್ಲೇ ಹಳೇದು ಅಂದುಕೊಂಡಿದ್ದೆ, 17 ಬಂತು. ಮೆಣಸಿನಕಾಯಿ ಕಿಟಕಿ ಹತ್ತಿರ ಇದ್ದಾಗ ಹತ್ತು ದಿನಕ್ಕೆ ಬರೀ 2. ಚಿಂತಾಮಣಿ ಸಾರ್ ಮಾತು ನೆನಪಾಗಿ ಒಲೆ ಪಕ್ಕಕ್ಕೆ ತಂದೆ, ಹದಿನಾರನೇ ದಿನಕ್ಕೆ 11.

ಬದನೆ ವಿಷಯದಲ್ಲಿ ಸಾರ್ ಅನುಮಾನ ಸರಿ. ಅದು ಮಹಾಲಯ ಅಮಾವಾಸ್ಯೆ ಆಸುಪಾಸು ಹಣ್ಣು ಹಿಚುಕಿ ತೆಗೆದ ಬೀಜ. ವಾರದೊಳಗೆ ಕವರ್ ಕಟ್ಟಿ ಕೊಟ್ಟಿದ್ದೆ. ಅದೇ ಡಬ್ಬಿಯಲ್ಲಿ ಉಳಿದದ್ದರಲ್ಲಿ ಈಗ ಇಪ್ಪತ್ತಕ್ಕೆ 16 ಹುಟ್ಟಿದೆ! ಬಟ್ಟೆಗೆ ಬೇರು ಕಚ್ಚಿಕೊಂಡಿತ್ತು, ಬಿಡಿಸಲು ಹೋದರೆ ಮುರಿಯುತ್ತದೆ ಅಂತ ಬಟ್ಟೆಯನ್ನೇ ಚೂರು ಚೂರು ಕತ್ತರಿಸಿ ಟ್ರೇಗೆ ಇಟ್ಟಿದ್ದೇನೆ.

ಮೊನ್ನೆ ಆ ಮೇಡಂ ಆಧಾರ್ ಕಾಪಿ ಮಾಡಿಸಲು ಬಂದಿದ್ದರು. ಹೊಸ ಕವರ್ ಕೊಟ್ಟೆ. ಚೀಟಿ ಮೇಲೆ ಹಣ್ಣು ಕೊಯ್ದ ತಿಂಗಳು, ಪರೀಕ್ಷೆ ತಾರೀಕು, "20ಕ್ಕೆ 16" ಅಂತ ಇದೆ. ಕನ್ನಡಕ ಏರಿಸಿ ಓದಿದರು. "ಉಳಿದ ನಾಲ್ಕು ಯಾವುದು ಅಂತಲೂ ಗುರುತು ಹಾಕಬೇಕಿತ್ತು" ಅಂದರು. ನಕ್ಕರು, ಅದೇ ಸಮಾಧಾನ.

ಬೆಂಡೆ, ಸೋರೆ, ಬದನೆ ಬೇಕಾದವರು ಶಿವರಾತ್ರಿ ಆದಮೇಲೆ ಕೇಳಿ. ಅವರೆ ಬೇಕಾದವರು ಜೂನ್‌ನಲ್ಲಿ ಕೇಳಿ. ಮಾರ್ಚ್‌ನಲ್ಲಿ ಕೇಳಿದರೆ ಕೊಡುವುದಿಲ್ಲ.