ಗ್ರೀಕ್ ಟೈಟನ್‌ಗಳ ವಂಶವೃಕ್ಷ: 12 ಜನರಿದ್ದರೂ 6 ಜೋಡಿ ಯಾಕೆ ಆಗುತ್ತಿಲ್ಲ?

ಗೋಡೆಚಿತ್ರ:
ಎಲ್ಲರಿಗೂ ನಮಸ್ಕಾರ. ಜ್ಯೂಸ್ ಮೊದಲಾದ ಒಲಿಂಪಸ್ ದೇವತೆಗಳಿಗಿಂತ ಹಿಂದಿನ ತಲೆಮಾರಾದ ಟೈಟನ್‌ಗಳ ವಂಶವೃಕ್ಷವನ್ನು ಹೈಸ್ಕೂಲ್ ಮಕ್ಕಳಿಗಾಗಿ ಒಂದೇ ಹಾಳೆಯಲ್ಲಿ ಬರೆಯಬೇಕಾಗಿದೆ. ಕೆಲವು ಪಟ್ಟಿಗಳಲ್ಲಿ 12 ಹೆಸರು, ಕೆಲವದರಲ್ಲಿ 13. ಗಂಡು 6, ಹೆಣ್ಣು 6 ಎಂದು ಹಿಡಿದರೂ ಜೋಡಿ ಮಾಡಹೋದರೆ ಇಬ್ಬರು ಗಂಡಸರು, ಇಬ್ಬರು ಹೆಂಗಸರು ಉಳಿದುಬಿಡುತ್ತಾರೆ. ಇನ್ನೊಂದು, ಜ್ಯೂಸ್‌ನ ಕಡೆಯವರೊಡನೆ ನಡೆದ ಯುದ್ಧದಲ್ಲಿ ಸೋತ ಮೇಲೆ ಎಲ್ಲರೂ ಪಾತಾಳದ ಸೆರೆಯಾದ ಟಾರ್ಟರಸ್ ಪಾಲಾದರು ಎನ್ನುವುದಾದರೆ ಥೆಮಿಸ್, ಓಕಿಯಾನೋಸ್ ಆಮೇಲಿನ ಕಥೆಗಳಲ್ಲಿ ಹೇಗೆ ಬರುತ್ತಾರೆ? ತಲೆಬರಹಕ್ಕೆ ‘ಗ್ರೀಕರ ದೇವಾಸುರ ಯುದ್ಧ’ ಎಂದು ಹಾಕಿದರೆ ಸರಿಹೋಗುತ್ತದೆಯೇ?

ಹಳೇಓಲೆ:
ಮೊದಲು ಒಂದು ಆಕರ ಗಟ್ಟಿಮಾಡಿಕೊಳ್ಳಿ, ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಕ್ರಿ.ಪೂ. 700ರ ಆಸುಪಾಸಿನ ಗ್ರೀಕ್ ಕವಿ ಹೆಸಿಯೊಡ್ ದೇವತೆಗಳ ಹುಟ್ಟಿನ ಬಗ್ಗೆ ಬರೆದ ‘ಥಿಯೋಗೊನಿ’ ಕಾವ್ಯವನ್ನೇ ಬುಡವಾಗಿ ಇಟ್ಟುಕೊಳ್ಳಿ. ಅದರ 132ರಿಂದ 138ರವರೆಗಿನ ಸಾಲುಗಳಲ್ಲಿ ಗೈಯಾ (ಭೂಮಿ) ಮತ್ತು ಉರಾನೋಸ್ (ಆಕಾಶ) ಇವರ 12 ಮಕ್ಕಳ ಹೆಸರು ಸಾಲಾಗಿ ಬರುತ್ತವೆ: ಓಕಿಯಾನೋಸ್, ಕೋಯೋಸ್, ಕ್ರಿಯೋಸ್, ಹೈಪೀರಿಯನ್, ಇಯಾಪೆಟೋಸ್, ಥೇಯಾ, ರೇಯಾ, ಥೆಮಿಸ್, ನೆಮೊಸಿನಿ, ಫೀಬಿ, ಟೀಥಿಸ್, ಕೊನೆಗೆ ಕಿರಿಯವನಾದ ಕ್ರೋನೋಸ್. 13ನೆಯ ಹೆಸರು ಡಯೋನಿ. ಅವಳನ್ನು ಸೇರಿಸಿದ್ದು ಅಪೊಲೊಡೋರಸ್ ಹೆಸರಿನಲ್ಲಿ ಉಳಿದಿರುವ ‘ಬಿಬ್ಲಿಯೋಥೀಕಾ’. ಅದು ನೂರಾರು ವರ್ಷ ಆಮೇಲಿನ ಗ್ರಂಥ. ಹೆಸಿಯೊಡ್‌ನಲ್ಲಿ ಡಯೋನಿ ಓಕಿಯಾನೋಸ್‌ನ ಮಗಳು, ಅಂದರೆ ಒಂದು ತಲೆಮಾರು ಕೆಳಗೆ.

ಈಗ ಜೋಡಿ. ಒಡಹುಟ್ಟಿದವರ ನಡುವೆ ಆದ ಮದುವೆ ನಾಲ್ಕೇ.

ಓಕಿಯಾನೋಸ್–ಟೀಥಿಸ್: 3000 ಹೆಣ್ಣುಮಕ್ಕಳು, ಅಷ್ಟೇ ಗಂಡುಮಕ್ಕಳು. ಗಂಡುಮಕ್ಕಳೆಲ್ಲ ನದಿಗಳು, ಕವಿ 25 ನದಿಗಳ ಹೆಸರು ಹೇಳುತ್ತಾನೆ, ಮೊದಲನೆಯದೇ ನೈಲ್.
ಹೈಪೀರಿಯನ್–ಥೇಯಾ: ಸೂರ್ಯ ಹೀಲಿಯೋಸ್, ಚಂದ್ರ ಸೆಲೀನಿ (ಗ್ರೀಕರಿಗೆ ಚಂದ್ರ ಹೆಣ್ಣು), ಉಷೆ ಈಯೋಸ್.
ಕೋಯೋಸ್–ಫೀಬಿ: ಲೀಟೋ, ಆಸ್ಟೀರಿಯಾ. ಅಪೊಲೊ ಮತ್ತು ಆರ್ಟೆಮಿಸ್ ಈ ಲೀಟೋಳ ಮಕ್ಕಳು.
ಕ್ರೋನೋಸ್–ರೇಯಾ: ಹೆಸ್ಟಿಯಾ, ಡಿಮೀಟರ್, ಹೇರಾ, ಹೇಡೀಸ್, ಪೊಸೈಡನ್, ಜ್ಯೂಸ್.

ಉಳಿದ ಇಬ್ಬರು ಗಂಡಸರು ಹೊರಗಿನಿಂದ ಹೆಣ್ಣು ತಂದರು. ಕ್ರಿಯೋಸ್‌ನ ಹೆಂಡತಿ ಯೂರಿಬಿಯಾ, ಗೈಯಾಳಿಗೆ ಕಡಲ ದೇವ ಪಾಂಟೋಸ್‌ನಿಂದ ಹುಟ್ಟಿದವಳು. ಇಯಾಪೆಟೋಸ್ ಅಣ್ಣ ಓಕಿಯಾನೋಸ್‌ನ ಮಗಳು ಕ್ಲಿಮೆನಿಯನ್ನು ಕಟ್ಟಿಕೊಂಡ. ಅಟ್ಲಾಸ್, ಮೆನೀಟಿಯೋಸ್, ಪ್ರೊಮೀಥಿಯಸ್, ಎಪಿಮೀಥಿಯಸ್ ಅವರ ಮಕ್ಕಳು. ಉಳಿದ ಹೆಂಗಸರಾದ ಥೆಮಿಸ್ ಮತ್ತು ನೆಮೊಸಿನಿ ಇಬ್ಬರೂ ಜ್ಯೂಸ್‌ನ ಕೈಹಿಡಿದರು. ಹಾಗಾಗಿ ಅವರಿಬ್ಬರ ಗೆರೆ ಒಂದು ತಲೆಮಾರು ದಾಟಿ ಕೆಳಗಿಳಿಯಬೇಕು. 12 ಹೆಸರನ್ನೂ ಅಕ್ಕಪಕ್ಕ ಜೋಡಿಯಾಗಿ ಬರೆದಿಟ್ಟ ಹಾಳೆಯಲ್ಲಿ ಈ ಗೆರೆಗೆ ಜಾಗವೇ ಇರುವುದಿಲ್ಲ, ಅಲ್ಲೇ ಎಲ್ಲರೂ ಎಡವುವುದು. ಥೆಮಿಸ್, ನೆಮೊಸಿನಿ ಇಬ್ಬರನ್ನೂ ಕ್ರೋನೋಸ್–ರೇಯಾ ಜೋಡಿಯ ಪಕ್ಕದಲ್ಲಿ, ಬಲತುದಿಗೆ ಬರೆಯಿರಿ. ಗೆರೆ ಗೋಜಲಾಗುವುದಿಲ್ಲ.

ಗೈಯಾ–ಉರಾನೋಸ್‌ಗೆ ಇನ್ನೂ 6 ಮಕ್ಕಳಿದ್ದಾರೆ, ಬಿಡಬೇಡಿ: ಒಕ್ಕಣ್ಣಿನ ಸೈಕ್ಲಾಪ್ಸ್ 3, ನೂರು ತೋಳಿನವರು 3. ಇವರೂ ಟೈಟನ್‌ಗಳ ಒಡಹುಟ್ಟಿದವರೇ, ಆದರೆ ಆ ಹೆಸರು ಇವರಿಗಿಲ್ಲ.

ಒಥ್ರಿಸ್ಬೆಟ್ಟ:
ಮೇಲಿನ ಉತ್ತರ ಪೂರ್ತಿ ಸರಿ. ಟಾರ್ಟರಸ್ ವಿಷಯಕ್ಕೆ ನನ್ನದೊಂದು ಮಾತು. ಟೈಟನ್ ಎನ್ನುವುದು ತಲೆಮಾರಿನ ಹೆಸರು. ಅದನ್ನೇ ಒಂದು ಪಕ್ಷ ಎಂದುಕೊಂಡರೆ ಎಲ್ಲರ ತಲೆಯ ಮೇಲೂ ‘ಸೋತವರು’ ಎಂದು ಬರೆಯಬೇಕಾಗುತ್ತದೆ. ಯುದ್ಧ ನಡೆದದ್ದು 10 ವರ್ಷ, ಒಥ್ರಿಸ್ ಬೆಟ್ಟದ ಮೇಲಿದ್ದ ಟೈಟನ್‌ಗಳಿಗೂ ಒಲಿಂಪಸ್‌ನವರಿಗೂ. ಗೈಯಾಳ ಮಾತು ಕೇಳಿ ಜ್ಯೂಸ್ ನೂರು ತೋಳಿನವರನ್ನು ಬಿಡಿಸಿ, ಅಮೃತ ಉಣಿಸಿ, ಕಣಕ್ಕಿಳಿಸಿದ. ಅವರು ಒಟ್ಟಿಗೇ 300 ಬಂಡೆ ಬೀಸಿ ಟೈಟನ್‌ಗಳನ್ನು ಮುಚ್ಚಿಹಾಕಿದರು. ಟಾರ್ಟರಸ್‌ನ ಆಳಕ್ಕೂ ಲೆಕ್ಕವಿದೆ: ಭೂಮಿಯಿಂದ ಕಮ್ಮಾರನ ಕಂಚಿನ ಅಡಿಗಲ್ಲೊಂದನ್ನು ಬಿಟ್ಟರೆ 9 ಹಗಲು 9 ರಾತ್ರಿ ಬೀಳುತ್ತಾ 10ನೆಯ ದಿನ ಮುಟ್ಟುತ್ತದೆ.

ಅಲ್ಲಿರುವವರೆಂದು ಹೆಸರು ಹಿಡಿದು ಹೇಳಿರುವುದು ಕೆಲವರನ್ನು ಮಾತ್ರ. ಹೋಮರ್‌ನ ಕಾವ್ಯ ‘ಇಲಿಯಡ್’ನ 8ನೆಯ ಭಾಗದಲ್ಲಿ ಕ್ರೋನೋಸ್, ಇಯಾಪೆಟೋಸ್ ಇಬ್ಬರನ್ನು ಹೆಸರಿಸಿದೆ. ಓಕಿಯಾನೋಸ್ ಯುದ್ಧಕ್ಕೆ ಬಂದದ್ದೇ ಕಾಣುವುದಿಲ್ಲ. ಅವನ ಮಗಳು ಸ್ಟಿಕ್ಸ್ ಅಪ್ಪನ ಸಲಹೆಯಂತೆ ಎಲ್ಲರಿಗಿಂತ ಮೊದಲು ಮಕ್ಕಳೊಂದಿಗೆ ಜ್ಯೂಸ್‌ನ ಕಡೆ ಸೇರಿದಳು. ಅಟ್ಲಾಸ್‌ಗೆ ಸಿಕ್ಕಿದ್ದು ಭೂಮಿಯ ಅಂಚಿನಲ್ಲಿ ಆಕಾಶ ಹೊರುವ ಕೆಲಸ. ಚಿತ್ರ ಬರೆಯುವುದಾದರೆ ಅವನ ಹೆಗಲ ಮೇಲೆ ಭೂಗೋಳ ಇಡಬೇಡಿ, ದಯವಿಟ್ಟು. ಪ್ರೊಮೀಥಿಯಸ್‌ನ ಸಂಕೋಲೆಗೂ ಈ ಯುದ್ಧಕ್ಕೂ ಸಂಬಂಧವಿಲ್ಲ. ಹವಿಸ್ಸು ಹಂಚುವಾಗಿನ ಮೋಸ ಮತ್ತು ಬೆಂಕಿಯ ಕಳವು ಅದಕ್ಕೆ ಕಾರಣ.

ದಾಯಾದಿ:
ತಲೆಬರಹ ಬದಲಿಸಿ. ದೇವತೆಗಳು ಅದಿತಿಯ ಮಕ್ಕಳು, ದೈತ್ಯರು ದಿತಿಯ ಮಕ್ಕಳು, ಇಬ್ಬರಿಗೂ ಅಪ್ಪ ಕಶ್ಯಪ. ಅದು ದಾಯಾದಿಗಳ ಜಗಳ. ಇಲ್ಲಿ ಮಗ ಅಪ್ಪನನ್ನು ಇಳಿಸುತ್ತಿದ್ದಾನೆ. ಕ್ರೋನೋಸ್ ಎಲ್ಲರಿಗಿಂತ ಕಿರಿಯ, ಹಾಗಾಗಿ ಎದುರು ಪಾಳಯದಲ್ಲಿ ಜ್ಯೂಸ್‌ಗೆ ದೊಡ್ಡಪ್ಪಂದಿರೇ ಹೊರತು ಚಿಕ್ಕಪ್ಪ ಒಬ್ಬನೂ ಇಲ್ಲ!

ಅಸುರರ ಹೋಲಿಕೆ ಬೇಕೇ ಬೇಕು ಎಂದಾದರೆ ಜೈಗಂಟ್‌ಗಳು ಇನ್ನೂ ಹತ್ತಿರ. ಉರಾನೋಸ್‌ನ ರಕ್ತ ನೆಲಕ್ಕೆ ಬಿದ್ದು ಹುಟ್ಟಿದ ಅವರ ಯುದ್ಧವೇ ಬೇರೆ. ಬರ್ಲಿನ್‌ನಲ್ಲಿರುವ, ಪೆರ್ಗಮಾನ್ ಎಂಬ ಹಳೆಯ ಗ್ರೀಕ್ ನಗರದ ಬಲಿವೇದಿಕೆಯ ಮೇಲಿನ ಶಿಲ್ಪ ಆ ಎರಡನೆಯ ಯುದ್ಧದ್ದು. ಎಷ್ಟೋ ಜನ ಅದನ್ನು ಟೈಟನ್ ಯುದ್ಧವೆಂದು ಹಾಕಿಬಿಡುತ್ತಾರೆ. ಅದರ ದಕ್ಷಿಣ ಬದಿಯನ್ನು ನೋಡಿ: ಫೀಬಿ ಪಂಜು ಹಿಡಿದು ರೆಕ್ಕೆಯ ಜೈಗಂಟ್ ಒಬ್ಬನ ಮೇಲೆ ಏರಿಹೋಗುತ್ತಿದ್ದಾಳೆ, ಪಕ್ಕದಲ್ಲೇ ಮಗಳು ಆಸ್ಟೀರಿಯಾ ಇನ್ನೊಬ್ಬನ ಕೂದಲು ಹಿಡಿದಿದ್ದಾಳೆ. ಟೈಟನ್ ಹೆಂಗಸು ಒಲಿಂಪಸ್‌ನವರ ಪರ ಹೋರಾಡುತ್ತಿರುವುದು ಕಲ್ಲಿನಲ್ಲೇ ಇದೆ.

ಗೋಡೆಚಿತ್ರ:
ಎಲ್ಲರಿಗೂ ಧನ್ಯವಾದ. ತಲೆಬರಹ ‘ಟೈಟನ್ ತಲೆಮಾರು’ ಎಂದಿಷ್ಟೇ ಇರಲಿ. ಅಫ್ರೊಡೈಟಿಯನ್ನು ಯಾವ ಸಾಲಿನಲ್ಲಿ ಬರೆಯಲಿ?

ಹಳೇಓಲೆ:
ಹೆಸಿಯೊಡ್ ಪ್ರಕಾರ ಕ್ರೋನೋಸ್ ಅಪ್ಪನ ಅಂಗ ಕತ್ತರಿಸಿ ಕಡಲಿಗೆ ಎಸೆದಾಗ ಎದ್ದ ನೊರೆಯಿಂದ ಹುಟ್ಟಿದವಳು ಅವಳು. ಅಂದರೆ ಟೈಟನ್‌ಗಳ ಸಾಲಿನಲ್ಲೇ, ಉರಾನೋಸ್‌ನಿಂದ ಮಾತ್ರ ಗೆರೆ ಎಳೆದು ಬರೆಯಿರಿ. ತಾಯಿಯ ಕಡೆ ಖಾಲಿ ಬಿಡಿ. ‘ಇಲಿಯಡ್’ನಲ್ಲಿ ಅವಳು ಜ್ಯೂಸ್ ಮತ್ತು ಡಯೋನಿಯ ಮಗಳು. ಅದನ್ನೂ ತೋರಿಸಬೇಕಿದ್ದರೆ ಬೇರೆ ಬಣ್ಣದ ಚುಕ್ಕಿಗೆರೆ ಬಳಸಿ, ಮೂಲೆಯಲ್ಲಿ ‘ಹೋಮರ್’ ಎಂದು ಬರೆಯಿರಿ. ಮೋಯ್ರೇ ಎಂಬ ಮೂವರು ವಿಧಿದೇವತೆಯರಿಗೂ ಚುಕ್ಕಿಗೆರೆ ಬೇಕಾಗುತ್ತದೆ: ಹೆಸಿಯೊಡ್ ಒಂದು ಕಡೆ ಅವರನ್ನು ರಾತ್ರಿಯ ಮಕ್ಕಳು ಎನ್ನುತ್ತಾನೆ, ಮುಂದೆ ಅದೇ ಕಾವ್ಯದಲ್ಲಿ ಜ್ಯೂಸ್ ಮತ್ತು ಥೆಮಿಸ್‌ರ ಮಕ್ಕಳು ಎನ್ನುತ್ತಾನೆ. ಎರಡನ್ನೂ ತೋರಿಸಿ, ಒಂದನ್ನು ಅಳಿಸಬೇಡಿ.