ಪದಚರ್ಚೆ: ನೀರಿಗಲ್ಲದೆ ಸುಮ್ನೆ ಕಡ್ಡಿ ಹಿಡಿದು ಓಡಾಡೋದಕ್ಕೆ ಏನಂತೀರಿ?

ಎಲ್ರಿಗೂ ನಮಸ್ಕಾರ,

ಒಂದು ಪದ ಬೇಕಾಗಿದೆ, ಅದೂ ಅರ್ಜೆಂಟು, ಗುರುವಾರದೊಳಗೆ ನೋಟಿಸು ಪ್ರಿಂಟಿಗೆ ಕೊಡ್ಬೇಕು. ಕೈಲಿ ಕಡ್ಡಿ ಹಿಡ್ಕೊಂಡು ನಡೆದು, ಅದು ತಿರುಗಿದ ಕಡೆ ನೆಲದೊಳಗೆ ಏನೋ ಇದೆ ಅಂತ ಹೇಳೋದಕ್ಕೆ ಇಂಗ್ಲಿಷಲ್ಲಿ ಡೌಸಿಂಗ್ ಅಂತಾರಲ್ಲ, ಅದಕ್ಕೆ ಕನ್ನಡದಲ್ಲಿ ಏನಂತೀರಿ? 'ನೀರು ನೋಡೋದು' ಅಂತ ಆಗ್ಲೇ ಟೈಪ್ ಮಾಡ್ತಿರೋರು ಸ್ವಲ್ಪ ತಡೀರಿ, ಆ ಪದದಿಂದ್ಲೇ ನಮಗೆ ಫಜೀತಿ ಆಗಿದ್ದು.

ವಿಷಯ ಏನಂದ್ರೆ ಹಾಸನದಲ್ಲಿ ನಮ್ಮ ಬೀದಿಲಿ ಒಬ್ರು ಡ್ರಾಯಿಂಗ್ ಮೇಷ್ಟ್ರು ಇದಾರೆ, ರಿಟೈರ್ ಆದ್ಮೇಲೆ ಮಗನ ಮನೆ ಅಂತ ಇಂಗ್ಲೆಂಡಿಗೆ ಹೋಗಿ ಆರು ತಿಂಗಳು ಇದ್ದು ಬಂದ್ರು. ಅಲ್ಲಿ ಇದಕ್ಕೆ ಅಂತಾನೇ ಊರೂರಲ್ಲಿ ಗುಂಪುಗಳಿವೆ, ಇಡೀ ದೇಶಕ್ಕೆ ಸೇರಿದ ಸಂಘಾನೇ 1933ರಲ್ಲಿ ಶುರುವಾಗಿದೆ, ರಜೆ ದಿನ ಬಂತು ಅಂದ್ರೆ ಬುತ್ತಿ ಕಟ್ಕೊಂಡು ಏವ್‌ಬರಿ, ರೋಲ್‌ರೈಟ್ ಅಂತ ಸಾವಿರಾರು ವರ್ಷದ ಹಿಂದೆ ದುಂಡಗೆ ಕಲ್ಲು ನೆಟ್ಟಿರೋ ಜಾಗಗಳಿಗೆ ಹೋಗಿ ಕೈಲಿ ತಂತಿ ಹಿಡ್ಕೊಂಡು ಸುತ್ತೋದು, ತಂತಿ ತಿರುಗಿದ ಕಡೆ ಗುರುತು ಹಾಕೋದು. ನೀರು ಸಿಗ್ಲಿ ಅಂತಲ್ಲ. ಕಲ್ಲಿಂದ ಕಲ್ಲಿಗೆ ಏನೋ ಶಕ್ತಿ ಹರಿಯುತ್ತೆ, ಅದರ ದಾರಿ ಹುಡುಕೋದಂತೆ. ಆಲ್ಫ್ರೆಡ್ ವಾಟ್ಕಿನ್ಸ್ ಅನ್ನೋರು 1921ರಲ್ಲಿ ಹಳೇ ಜಾಗಗಳೆಲ್ಲ ಒಂದೇ ಗೆರೆ ಮೇಲೆ ಬರ್ತವೆ ಅಂತ ಹೇಳಿ ಅದಕ್ಕೆ 'ಲೇ' ಅಂತ ಹೆಸರಿಟ್ರು, ಪಾಪ ಅವರು ಹೇಳಿದ್ದು ಹಳೇ ಕಾಲದ ಕಾಲುದಾರಿ ಬಗ್ಗೆ ಅಷ್ಟೇ, ಶಕ್ತಿ ಗಿಕ್ತಿ ಎಲ್ಲ ಆಮೇಲಿನೋರು ಸೇರಿಸಿದ್ದು. ಮೇಷ್ಟ್ರು ವಾಪಸ್ ಬಂದು ಟೀ ಅಂಗಡಿಲಿ ಇದನ್ನೆಲ್ಲ ವಿವರಿಸ್ತಾ 'ಲೇ ಲೈನು, ಲೇ ಲೈನು' ಅಂತಿದ್ರೆ ಪಕ್ಕದ ಟೇಬಲ್ಲಿನೋನು ತಿರುಗಿ 'ಯಾರಿಗ್ ಸಾ ಲೇ ಅಂತಿರೋದು' ಅಂತ ಕೇಳೇಬಿಟ್ಟ. ಆ ಪದದ ಕನ್ನಡದ ಚರ್ಚೆ ಇನ್ನೊಂದ್ ಸಲ ಇಟ್ಕೊಳ್ಳೋಣ.

ಈಗ ಮೇಷ್ಟ್ರ ಜೊತೆ ನಾವು ಎಂಟು ಜನ ಆಗಿದೀವಿ. ಕೈಗೊಂದು ಅಂತ ಎರಡು ಕಡ್ಡಿ, ವೆಲ್ಡಿಂಗ್ ಅಂಗಡಿಯಿಂದ ತಂದ ಹಿತ್ತಾಳೆದು, ಎಲ್ ಥರ ಬಗ್ಗಿಸಿ, ಹಿಡಿಯೋ ಕಡೆಗೆ ರೀಫಿಲ್ ತೆಗೆದ ಬಾಲ್ ಪೆನ್ನಿನ ಕೊಳವೆ ತೂರ್ಸಿರ್ತಾರೆ, ಕೈ ಹಿಡಿತ ತಾಗ್ದೆ ಕಡ್ಡಿ ತಾನಾಗೇ ಆಡ್ಲಿ ಅಂತ. ನಾನು ಹೋಗೋದು ದೇವಸ್ಥಾನ ನೋಡೋಕೆ, ಪುಳಿಯೋಗರೆ ತಿನ್ನೋಕೆ. ಗೊತ್ತಿಲ್ದಂಗೆ ಕೈ ಒಂದು ಕೂದಲೆಳೆ ಅಲ್ಲಾಡಿದ್ರೂ ಕಡ್ಡಿ ತುದಿ ಗೇಣು ತಿರುಗುತ್ತೆ, ನಮ್ಮ ಮನಸಲ್ಲಿರೋದನ್ನ ನಮಗೇ ತಿಳೀದ ಹಾಗೆ ಕೈ ಮಾಡಿ ತೋರಿಸುತ್ತೆ ಅಂತ ಕಾರ್ಪೆಂಟರ್ ಅನ್ನೋ ವೈದ್ಯರು 1852ರಲ್ಲೇ ಹೇಳಿದಾರೆ, ನನಗೂ ಹಾಗೇ ಅನ್ಸೋದು. ಆದ್ರೆ ನಂಬೋದು ಬಿಡೋದು ಬೇರೆ, ಪದ ಇಲ್ದೆ ಪರದಾಡೋದು ಬೇರೆ.

ಮೊದಲನೇ ನೋಟಿಸಲ್ಲಿ ನಾನು 'ಡೌಸಿಂಗ್ ತಂಡ' ಅಂತಾನೇ ಹಾಕಿದ್ದೆ. ಗೊಬ್ಬರದಂಗಡಿಯೋರು ಓದಿ ಗಿಡಕ್ಕೆ ಔಷಧಿ ಡೋಸ್ ಹಾಕೋ ತರಬೇತಿ ಅನ್ಕೊಂಡ್ರು. ಎರಡನೇ ಸಲಕ್ಕೆ ಪತ್ರಿಕೆಗಳಲ್ಲಿ ಬರೆಯೋ 'ಜಲಶೋಧಕರು' ಅನ್ನೋದನ್ನ ಬಿಟ್ಟು, ನಮ್ಮೂರ ಮಾತೇ ಇರ್ಲಿ ಅಂತ 'ನೀರು ನೋಡೋರ ತಂಡ' ಅಂತ ಬರೆದು ದೊಡ್ಡಗದ್ದವಳ್ಳಿಗೆ ಹೋಗೋ ವಿಷಯ ವಾಟ್ಸಾಪಲ್ಲಿ ಬಿಟ್ಟೆ. ದೊಡ್ಡಗದ್ದವಳ್ಳಿ ನೋಡಿರ್ತೀರಿ, ಬೇಲೂರು ರಸ್ತೆಲಿ ಒಳಗೆ ಹೋಗ್ಬೇಕು, ವಿಷ್ಣುವರ್ಧನನ ಕಾಲದ್ದು, ಬೇಲೂರಿನ 1117ರ ಗುಡಿಗಿಂತ ಸ್ವಲ್ಪ ಮುಂಚಿನದು, ಕೆರೆ ಪಕ್ಕ ನಾಲ್ಕು ಗರ್ಭಗುಡಿ ಇರೋ ಲಕ್ಷ್ಮೀದೇವಿ ಗುಡಿ. ಕಾಳಿ ಗುಡಿ ಮುಂದೆ ಎರಡು ಕಡೆ ಆಳೆತ್ತರದ ಬೇತಾಳ, ಪಕ್ಕೆಲುಬು ಒಂದೊಂದೂ ಎಣಿಸ್ಬೋದು, ಹಲ್ಲು ಕಿರ್ಕೊಂಡು ನಿಂತಿವೆ. ಮೇಷ್ಟ್ರು ಅಂಗಳದಲ್ಲಿ ಕಡ್ಡಿ ಹಿಡ್ಕೊಂಡು ಬರಿಗಾಲಲ್ಲಿ ಒಂದೊಂದೇ ಹೆಜ್ಜೆ ಇಡ್ತಿದ್ರು, ಕಲ್ಲುಚಪ್ಪಡಿ ಬಿಸಿಲಿಗೆ ಕಾದು ಕಾಲು ಎತ್ತೆತ್ತಿ ಇಡೋದು ನೋಡಿ ನಾವು ಕಡ್ಡಿ ಎಳೀತು ಅನ್ಕೊಂಡ್ವಿ.

ಅಷ್ಟೊತ್ತಿಗೆ ಅಲ್ಲೇ ಪಕ್ಕದೂರಿನ ಯಜಮಾನ್ರು ಒಬ್ರು ಬಂದ್ರು. ಕೈಲಿ ತಟ್ಟೆ, ತಟ್ಟೇಲಿ ಎಲೆ ಅಡಿಕೆ, ಐನೂರರ ನೋಟು, ಜುಟ್ಟು ಬಿಟ್ಟ ತೆಂಗಿನಕಾಯಿ.

'ನೀರ್ ನೋಡೋರು ನೀವೇಯಾ ಸ್ವಾಮಿ? ಮೂರ್ ಬೋರ್ ಫೇಲಾಗವೆ. ಒಂದ್ ಪಾಯಿಂಟ್ ಹಾಕ್ಕೊಟ್ಬುಡಿ.'

'ನಾವು ಅವರಲ್ಲ ಯಜಮಾನ್ರೆ, ಹಳೇ ಜಾಗ ನೋಡೋರು' ಅಂದ್ರು ಮೇಷ್ಟ್ರು.

ಅವರು ಕಡ್ಡಿ ನೋಡಿದ್ರು, ಗುಡಿ ನೋಡಿದ್ರು, ತಟ್ಟೆ ಹಿಂದಕ್ಕೆ ಎಳ್ಕೊಂಡ್ರು. 'ಹಂಗಾರೆ ನಿಧಿಯಾ?'

ಅಷ್ಟೇ ನೋಡಿ. ಹತ್ತು ನಿಮಿಷಕ್ಕೆ ಊರಿನ ಹುಡುಗ್ರು ನಾಲ್ಕು ಬೈಕಲ್ಲಿ ಬಂದು ನಮ್ಮ ಬ್ಯಾಗೆಲ್ಲ ಬಿಚ್ಚಿಸಿ ನೋಡಿದ್ರು, ಪುಳಿಯೋಗರೆ ಡಬ್ಬಿ ಕೂಡ. ಅವರದ್ದೇನೂ ತಪ್ಪಿಲ್ಲ, ನಿಧಿಗಳ್ಳರು ಹಳೇ ಗುಡಿಗಳಲ್ಲಿ ಲಿಂಗ ಕಿತ್ತು, ಬಸವನ ಹೊಟ್ಟೆ ಒಡೆದು ಹೋಗಿರೋದನ್ನ ನಮ್ಮ ಸೀಮೇಲಿ ಯಾರು ನೋಡಿಲ್ಲ ಹೇಳಿ. ಆದ್ರೆ ನನ್ನ ತಲೇಲಿ ಕೊರೀತಿರೋದು ಇದೇ, ಕಡ್ಡಿ ಹಿಡಿದು ನೆಲ ನೋಡೋನು ಅಂದ್ರೆ ಕನ್ನಡದಲ್ಲಿ ಒಂದು ನೀರು ಇಲ್ಲ ನಿಧಿ. ಮೂರನೇದಕ್ಕೆ ಮಾತಿಲ್ಲ. ಹಾಗಾಗಿ 'ಶೋಧ' ಅಂತ ಕೊನೆಯಾಗೋ ಯಾವ ಪದವೂ ಬೇಡ ದಯವಿಟ್ಟು, ನಿಧಿಶೋಧ ಅಂತಾನೇ ಕಿವಿಗೆ ಬೀಳುತ್ತೆ.

'ನೋಡೋದು' ಅನ್ನೋ ಕ್ರಿಯಾಪದವೇ ಮಜವಾಗಿದೆ. ನೀರು ನೋಡೋದು, ನಾಡಿ ನೋಡೋದು, ಶಾಸ್ತ್ರ ನೋಡೋದು, ಹೆಣ್ಣು ನೋಡೋದು, ಇವ್ಯಾವುದೂ ಬರೀ ಕಣ್ಣಿನ ಕೆಲಸ ಅಲ್ಲ, ಕಾಣದೇ ಇರೋದನ್ನ ತಿಳ್ಕೊಳ್ಳೋದು. ಹಾಗಾಗಿ ನಮ್ಮ ಕೆಲಸಕ್ಕೂ ಒಪ್ಪಬೇಕು. ಆದ್ರೆ ಏನನ್ನ ನೋಡೋದು? 'ಜಾಗ ನೋಡೋ ತಂಡ' ಅಂದ್ರೆ ಬ್ರೋಕರ್‌ಗಳು. 'ಪುರಾತನ ಸೈಟ್' ಅಂದ್ರೆ ಮೂವತ್ತು ನಲವತ್ತರದ್ದಾ ಅಂತಾರೆ. 'ಕಲ್ಲು ನೋಡೋದು' ಅಂದ್ರೆ ಕ್ವಾರಿ.

ಸಾಧನದ ಮೇಲೆ ಹೆಸರಿಡೋಣ ಅಂದ್ರೆ ನಮ್ಮ ಕಡೆ ಬೇವಿಂದೋ ಹುಣಸೇದೋ ಕವೆ ಕಡ್ಡಿ ಹಿಡಿಯೋರು, ಅಂಗೈ ಮೇಲೆ ಕಾಯಿ ಮಲಗಿಸಿ ನಡೆಯೋರು ಇದಾರೆ, 'ಕಾಯಿ ಎದ್ ನಿಂತ್ಕತು' ಅಂದ್ರೆ ಅಲ್ಲಿ ನೀರು. 'ಕಡ್ಡಿ ಹಿಡಿಯೋ ತಂಡ' ಅಂತ ಒಂದ್ಸಲ ಬರೆದು ನೋಡಿದೆ, ನಮ್ಮನೆಯೋಳು ಓದಿ 'ಆಡಿಸೋರು ಅಂತಾನೇ ಹಾಕ್ರಿ, ಇರೋದೂ ಅದೇ' ಅಂದ್ಲು. ಕಡ್ಡಿ ಆಡ್ಸೋದು ಅಂದ್ರೆ ನಮ್ಮಲ್ಲಿ ಏನರ್ಥ ಅಂತ ನಿಮಗೆ ಹೇಳ್ಬೇಕಾಗಿಲ್ಲ.

ಹಳೇ ಪದ ಬೇಕು ಅನ್ನೋರಿಗೆ ಒಂದಿದೆ, ಉದಕಾರ್ಗಳ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ದಕಾರ್ಗಲ ಅಂತ ಒಂದು ಅಧ್ಯಾಯಾನೇ ಇದೆ, ಕನ್ನಡದಲ್ಲಿ ಹನ್ನೊಂದನೇ ಶತಮಾನದ ಇಮ್ಮಡಿ ಚಾವುಂಡರಾಯನ ಲೋಕೋಪಕಾರದಲ್ಲೂ ಈ ವಿದ್ಯೆ ಬರುತ್ತೆ. ಉದಕ ಅಂದ್ರೆ ನೀರು, ಅರ್ಗಳ ಅಂದ್ರೆ ಬಾಗಿಲಿಗೆ ಹಾಕೋ ಅಗುಳಿ. ನೆಲದೊಳಗಿನ ನೀರಿಗೆ ಅಗುಳಿ ಹಾಕಿದೆ, ಅದನ್ನ ತೆಗೀಬೇಕು ಅನ್ನೋ ಹಾಗಿದೆ, ಎಂಥಾ ಪದ ನೋಡಿ. ಆದ್ರೆ ವರಾಹಮಿಹಿರ ಹೇಳೋದು ಕಡ್ಡಿ ವಿಷಯ ಅಲ್ವೇ ಅಲ್ಲ, ಮರ, ಹುಲ್ಲು, ಹುತ್ತ, ಮಣ್ಣಿನ ಬಣ್ಣ ನೋಡಿ ಹೇಳೋದು. ನೇರಳೆ ಮರದ ಪೂರ್ವಕ್ಕೆ ಹತ್ತಿರದಲ್ಲೇ ಹುತ್ತ ಇದ್ರೆ ಮರದ ದಕ್ಷಿಣಕ್ಕೆ ಎರಡಾಳು ಆಳದಲ್ಲಿ ಸಿಹಿನೀರು ಅಂತಾನೆ. ಹುತ್ತದ ಮಾತು ಬಂದಾಗ ನಮಗೆ ಹಾಸನಾಂಬೆ ನೆನಪಾಗದೇ ಇರಲ್ಲ, ಸಪ್ತಮಾತೃಕೆಯರಲ್ಲಿ ಮೂವರು ಹುತ್ತದ ರೂಪದಲ್ಲಿ ಅಲ್ಲೇ ನೆಲೆಸಿದ್ರು, ಇನ್ನು ಮೂವರು ದೇವಿಗೆರೆ ನೀರಲ್ಲಿ ಅಂತ ಪ್ರತೀತಿ. ಹುತ್ತ, ದೇವರು, ನೀರು ಮೂರೂ ಒಂದೇ ಕತೆಲಿ ಬಂದ್ಬಿಟ್ಟಿವೆ. ನಮ್ಮ ಮೇಷ್ಟ್ರು ಇದನ್ನ ಕೇಳಿದ್ಮೇಲೆ ಒಂದು ವಾರ ನಿದ್ದೆ ಮಾಡಿಲ್ಲ.

ಬೇರೆ ಭಾಷೆಯೋರೂ ಸುಖವಾಗೇನಿಲ್ಲ. ಡೌಸ್ ಅನ್ನೋದರ ಹುಟ್ಟೇ ಇಂಗ್ಲಿಷಿನೋರಿಗೆ ಬಗೆಹರಿದಿಲ್ಲ, ಹದಿನೇಳನೇ ಶತಮಾನದ ಕೊನೆಗೆ ಜಾನ್ ಲಾಕ್ ಬರಹದಲ್ಲಿ ಕಾಣಿಸ್ಕೊಳ್ಳುತ್ತೆ. ಜರ್ಮನ್ನರದು 'ಬಯಕೆಯ ಕೋಲು', ಅವರಲ್ಲಿ ಮೊದಲಿಂದ ಗಣಿಯೋರ ಕಸುಬು ಅದು, 1556ರಲ್ಲಿ ಅಚ್ಚಾದ ಗಣಿ ಗ್ರಂಥದಲ್ಲಿ ಅಗ್ರಿಕೋಲ ಇದನ್ನ ವಿವರಿಸಿ, ಕೆಲಸ ಬಲ್ಲ ಗಣಿಗಾರನಿಗೆ ಕವೆ ಕಡ್ಡಿ ಬೇಡ ಅಂತಲೂ ಬರೆದಿದಾನೆ. ಫ್ರೆಂಚರು ಮಾತ್ರ ಸೂರ್ಸ್, ಅಂದ್ರೆ ನೀರಿನ ಸೆಲೆ, ಅದರಿಂದ ಸೂರ್ಸಿಯೇ ಅಂತ ಮಾಡ್ಕೊಂಡಿದಾರೆ. ಹಾಗೆ ನಾವು 'ಸೆಲೆಗಾರ' ಅನ್ಬೋದಲ್ವಾ? ಕಡ್ಡಿನ 'ಸೆಳೆಯೋದು' ಅನ್ನೋದಕ್ಕೂ ಪ್ರಾಸ ಆಗುತ್ತೆ. ಬೋರ್‌ವೆಲ್ ಪಾಯಿಂಟ್ ಹಾಕೋರಿಗೆ ಇದು ಸೊಗಸಾದ ಪದ, ಆದ್ರೆ ಮತ್ತೆ ನೀರಿಗೇ ಬಂದು ನಿಂತ್ವಿ.

ನನಗೆ ಇಷ್ಟ ಆಗಿರೋದು 'ಕಣಿ'. ಕಾಣು ಅನ್ನೋದಕ್ಕೆ ಹತ್ತಿರದ ಪದ, ಕಣಿ ಹೇಳೋ ಕೊರವಂಜಿ ಕೈಲೂ ಒಂದು ಕೋಲಿರುತ್ತೆ, ನೀರಾಗ್ಲಿ ನಿಧಿಯಾಗ್ಲಿ ಅದರಲ್ಲಿ ಇಲ್ಲ. ಕಡ್ಡಿಗೆ 'ಕಣಿಗಡ್ಡಿ', ಕೆಲಸಕ್ಕೆ 'ಕಣಿ ನೋಡೋದು'. ಮೇಷ್ಟ್ರಿಗೆ ಹೇಳಿದ್ರೆ 'ನಾನೇನು ಬುಟ್ಟಿ ಹೊತ್ಕೊಂಡು ಬೀದಿ ತಿರುಗ್ಲೇನಯ್ಯ' ಅಂತ ಮೂರು ದಿನ ಮಾತು ಬಿಟ್ರು.

ಹಾಗಾಗಿ ಈ ಪದಚರ್ಚೆ ಗುಂಪಲ್ಲಿರೋ ಕೋಲಾರ, ತುಮಕೂರು, ಚಿತ್ರದುರ್ಗದೋರು ಹೇಳಿ, ಬೋರ್ ಜಾಸ್ತಿ ಇರೋ ಸೀಮೆ ನಿಮ್ಮದು, ಮಾತೂ ಜಾಸ್ತಿ ಇರ್ಬೇಕು. ಎರಡು ಕಡ್ಡಿ ಒಂದರ ಮೇಲೊಂದು ಬಂದಾಗ ನಿಮ್ಮಲ್ಲಿ ಏನಂತಾರೆ? ನಮ್ಮೋರು ಕೆಲವರು 'ಕತ್ರಿ ಆಯ್ತು' ಅಂತಾರೆ, ಕೆಲವರು 'ಕೂಡ್ತು', ಮೇಷ್ಟ್ರು 'ಕ್ರಾಸು'. ಮತ್ತೆ ಮಲೆನಾಡಿನೋರು, ಹೊಸನಗರದ ಕಡೆ ನಿಲಸ್ಕಲ್ ಅಂತ ನೆಟ್ಟ ಕಲ್ಲುಗಳಿಂದ್ಲೇ ಹೆಸರಾದ ಊರಿದೆಯಲ್ಲ, ಅಂಥಾ ಕಲ್ಲು ಪರೀಕ್ಷೆ ಮಾಡೋದಕ್ಕೆ ಅಂತ ಹಳಬರ ಬಾಯಲ್ಲಿ ಏನಾದ್ರೂ ಮಾತಿದೆಯಾ?

ಅಂದಹಾಗೆ ಆ ಯಜಮಾನ್ರಿಗೆ ಮೇಷ್ಟ್ರು ಕೊನೆಗೂ ಹೊಲಕ್ಕೆ ಹೋಗಿ ಪಾಯಿಂಟ್ ಹಾಕ್ಕೊಟ್ರು, ಬೈಕಿನ ಹುಡುಗ್ರೇ ಕರ್ಕೊಂಡು ಹೋದ್ರು. ಬೋರ್ ಇನ್ನೂ ಕೊರೆಸಿಲ್ಲ. ಈ ಭಾನುವಾರ ಮೂಡಿಗೆರೆ ತಾಲೂಕಿನ ಅಂಗಡಿ, ಹೊಯ್ಸಳರ ಮೂಲದ ಸೊಸೆವೂರು, ಸಳ ಹುಲಿ ಹೊಡೆದ ಜಾಗ ಅಂತಾರಲ್ಲ ಅಲ್ಲಿಗೆ. ನೋಟಿಸಲ್ಲಿ 'ಭಾನುವಾರ ಬೆಳಗ್ಗೆ 6ಕ್ಕೆ ಅಂಗಡಿಗೆ ಡ್ಯಾಶ್ ಡ್ಯಾಶ್ ತಂಡದ ಪಯಣ' ಅಂತ ಬರೆದು ಖಾಲಿ ಬಿಟ್ಟಿದೀನಿ. ಪ್ರೆಸ್ಸಿನೋನು ಆಗ್ಲೇ ಕೇಳ್ತಿದಾನೆ, ಯಾವ ಅಂಗಡಿ ಸಾ, ಅಷ್ಟೊತ್ತಿಗೆ ತೆಗೆದಿರ್ತಾರಾ ಅಂತ.